ಕುಟಜದ ಬೆಟ್ಟ

ವರ್ಷಾಕಾಲ ಕಳೆದು ಆಶ್ವೀಜದ ಬಿಸಿಲು ಮೂಡಿದ ಮೇಲೆ ಕುಂದಾಪುರ ಸೀಮೆಯ ತಲ್ಲೂರಿನ ಗದ್ದೆಯ ಅಂಚಿನಲ್ಲಿ ನಿಂತು ಈಶಾನ್ಯಕ್ಕೆ ಮುಖಮಾಡಿದರೆ, ತೆಂಗಿನ ತಲೆಗಳಾಚೆ ಘಟ್ಟದ ನೀಲರೇಖೆಯೂ, ಅದರ ನಡುವೆ ಮೇಲೆದ್ದು ನಿಂತ ಕೊಡಚಾದ್ರಿಯ ಶಿಖರವೂ ಗೋಚರಿಸುತ್ತವೆ. ಪಡುವಣಕ್ಕೆ ತಿರುಗಿದರೆ ಪಂಚಗಂಗಾವಳಿಯ ವಿಸ್ತಾರವಾದ ಜಲರಾಶಿ. ಅಲ್ಲಿ ಕೂಡುವ ಐದು ನದಿಗಳಲ್ಲೊಂದಾದ ಸೌಪರ್ಣಿಕೆಯಾದರೋ ಆ ಬೆಟ್ಟದ ಮಗಳೇ. 1343 ಮೀಟರು ಎತ್ತರದ ಈ ಗಿರಿಯು ಹೊಸನಗರ ತಾಲ್ಲೂಕಿನ ಎಲ್ಲೆಯೊಳಗಿದ್ದರೂ ಕುಂದಾಪುರ ಸೀಮೆಯವರ ಭಕ್ತಿಯು ಆ ಎಲ್ಲೆಯನ್ನು ಎಂದೂ ಗಣಿಸಿದ್ದಿಲ್ಲ.

ಸಂಸ್ಕೃತದಲ್ಲಿ ಇದು ಕುಟಜಾದ್ರಿ. ಕುಟಜವೆಂದರೆ ನಮ್ಮ ಕೊಡಸಿಗೆ, ಮಳೆಗಾಲದ ಹೊಸ್ತಿಲಲ್ಲಿ ಬಿಳಿಯ ಹೂ ತಳೆಯುವ ಕಾಡುಗಿಡ. ಪುಸ್ತಕವು ಹೊತ್ತಗೆಯಾದಾಗ ಉಕಾರವು ಒಕಾರವಾದಂತೆಯೂ, ಜಟೆಯು ಜಡೆಯಾದಾಗ ಟಕಾರವು ಡಕಾರವಾದಂತೆಯೂ ಕುಟಜವು ನಾಲಗೆಯಲ್ಲಿ ನುರಿದು ಕೊಡಚವಾಯಿತು. ಅದ್ರಿ ಮಾತ್ರ ಅದ್ರಿಯಾಗಿಯೇ ಉಳಿಯಿತು. ವೈಯಾಕರಣರ ಕಣ್ಣಿಗೆ ಇದರಲ್ಲಿ ಅರಿಸಮಾಸದ ಛಾಯೆ ಕಂಡೀತು. ನನಗಾದರೋ ಮಾರ್ಗವೂ ದೇಸಿಯೂ ಒಂದೇ ಹೆಸರಿನೊಳಗೆ ಕೈಹಿಡಿದಿರುವುದು ಪರಮಪ್ರಿಯವಾಗಿದೆ. ಕಾಳಿದಾಸನ 'ಮೇಘದೂತ'ದ ಯಕ್ಷನು ಮೋಡಕ್ಕೆ ಅರ್ಘ್ಯವಾಗಿ ಅರ್ಪಿಸಿದ್ದು ಈ ಕುಟಜದ ಹೂಗಳನ್ನೇ; ವೈದ್ಯರು ಅತಿಸಾರಕ್ಕೆ ಕೊಡುವ ಕುಟಜಾರಿಷ್ಟವು ಸಿದ್ಧವಾಗುವುದು ಇದರ ತೊಗಟೆಯಿಂದಲೇ; ಮಲೆನಾಡಿನ ಅಡುಗೆಮನೆಯಲ್ಲಿ ತಂಬುಳಿಯಾಗುವುದೂ ಇದೇ ಹೂವು. ದೇವತೆಯ ಹೆಸರನ್ನಾಗಲಿ ಋಷಿಯ ಹೆಸರನ್ನಾಗಲಿ ಹೊರದೆ, ಕಾಯಿಲೆ ಕಳೆಯುವ ಒಂದು ಗಿಡದ ಹೆಸರಿನಿಂದ ಪೂಜ್ಯವಾದ ಪರ್ವತವಿದು.

ಇದರ ಕಥೆಗಳೆಲ್ಲ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಸುಪರ್ಣನೆಂಬ ಹೆಸರಿನ ಗರುಡನು ತಪಗೈದುದರಿಂದ ನದಿಯು ಸೌಪರ್ಣಿಕೆಯೆನಿಸಿತು. ಕೋಲ ಮಹರ್ಷಿಯ ನೆಲೆಯು ಬೆಟ್ಟದ ಬುಡದ ಕೊಲ್ಲೂರಾಯಿತು. ವರವನ್ನು ಬೇಡಲು ತಪಸ್ಸಿಗೆ ಕುಳಿತ ಅಸುರನೊಬ್ಬನ ವಾಕ್ಕನ್ನು ವಾಗ್ದೇವಿಯು ಅಪಹರಿಸಲು ಅವನು ಮೂಕಾಸುರನಾದನು. ಅವನನ್ನು ಸಂಹರಿಸಿದ ದೇವಿ ಮೂಕಾಂಬಿಕೆಯೆನಿಸಿದಳು. ಅವನು ಮಡಿದ ತಾಣವೇ ಮಾರಣಕಟ್ಟೆಯೆಂದು ಐತಿಹ್ಯ.

ಬೆಟ್ಟದ ಮೇಲೆ ಮೂಲಮೂಕಾಂಬಿಕೆಯ ಗುಡಿಯ ಬಳಿ ನೀಳವಾದ ಕಬ್ಬಿಣದ ಸ್ತಂಭವೊಂದಿದೆ. ಅಸುರನನ್ನು ಇರಿದ ದೇವಿಯ ತ್ರಿಶೂಲವೇ ಅದೆಂದು ಭಕ್ತರು ನಂಬುತ್ತಾರೆ. ವರ್ಷವರ್ಷವೂ ಘಟ್ಟದ ಘೋರವೃಷ್ಟಿಯಲ್ಲಿ ತೊಯ್ದರೂ ಕರಗದೆ ನಿಂತ ಈ ಸ್ತಂಭವನ್ನು ಕುರಿತು ಲೋಹಶಾಸ್ತ್ರಜ್ಞರಾದ ಟಿ. ಆರ್. ಅನಂತರಾಮನ್ ಅವರು 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬೆಟ್ಟದ ಒಡಲಲ್ಲಿಯೂ ಕಬ್ಬಿಣದ ಅದಿರಿದೆ. ಕುಲುಮೆಯ ಮುಂದೆ ಬೆವರಿದ ಹೆಸರಿಲ್ಲದ ಕಮ್ಮಾರರನ್ನು ನೆನೆದಾಗ ತ್ರಿಶೂಲದ ಮೇಲಿನ ನನ್ನ ಭಕ್ತಿ ಇಮ್ಮಡಿಯಾಗುತ್ತದೆಯೇ ಹೊರತು ಕುಂದುವುದಿಲ್ಲ.

ಶಿಖರದ ಪುಟ್ಟ ಶಿಲಾಮಂಟಪಕ್ಕೆ ಸರ್ವಜ್ಞಪೀಠವೆಂದು ಹೆಸರು. ಇಲ್ಲಿ ಧ್ಯಾನಿಸಿದ ಶಂಕರಾಚಾರ್ಯರು, ಹಿಂದಿರುಗಿ ನೋಡಕೂಡದೆಂಬ ನಿಬಂಧನೆಗೆ ಒಪ್ಪಿ ದೇವಿಯನ್ನು ತಮ್ಮ ನಾಡಿನತ್ತ ಕರೆದೊಯ್ಯುತ್ತಿರಲು, ಗೆಜ್ಜೆಯ ದನಿ ನಿಂತಿತೆಂದು ತಿರುಗಿದುದರಿಂದ ಆಕೆ ಕೊಲ್ಲೂರಿನಲ್ಲಿಯೇ ನೆಲೆಸಿದಳಂತೆ. ಮಲಯಾಳ ದೇಶದ ಯಾತ್ರಿಕರು ಇಂದಿಗೂ ತಂಡೋಪತಂಡವಾಗಿ ಬರುವುದನ್ನು ಕಂಡರೆ, ಆ ಪಯಣವನ್ನು ಅವರೇ ಮುಂದುವರಿಸುತ್ತಿರುವರೋ ಎನಿಸುತ್ತದೆ.

ಕೆಳದಿಯ ಅರಸರ ಕಾಲಕ್ಕೆ ಬಂದರೆ ಶಾಸನದ ಆಧಾರ ದೊರೆಯುತ್ತದೆ. ವೆಂಕಟಪ್ಪ ನಾಯಕನ ಆಜ್ಞೆಯಂತೆ ಹಲುಗಲ್ಲು ವೀರಸಂಗಯ್ಯನು ಕೊಲ್ಲೂರಿನ ದೇಗುಲಕ್ಕೆ ಶಿಲೆಯ ಹೊದಿಕೆ ಹಾಕಿಸಿದನು. ಕೆಳದಿಯವರ ರಾಜಧಾನಿಯಾಗಿದ್ದ ಬಿದನೂರು ಕೊಡಚಾದ್ರಿಯ ನೆರೆಯದೇ. 1763ರಲ್ಲಿ ಅದು ಹೈದರನ ವಶವಾಯಿತು; ಪೂಜೆಯಾದರೋ ನಿಲ್ಲಲಿಲ್ಲ. ಸಲಾಂ ಮಂಗಳಾರತಿಯೆಂದು ಕರೆಯುತ್ತಿದ್ದ ಸಂಜೆಯ ಪೂಜೆಯನ್ನು ಜನರು ಟಿಪ್ಪುವಿನ ಭೇಟಿಯೊಡನೆ ಜೋಡಿಸಿ ಹೇಳುತ್ತ ಬಂದಿದ್ದಾರೆ.

ಮಕರಸಂಕ್ರಾಂತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆ. ಅದಕ್ಕೆಂದೇ ತಲ್ಲೂರಿನ ನೆರೆಯ ಹೆಮ್ಮಾಡಿಯವರು ಗದ್ದೆಗಳಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಪುಷ್ಯದ ಚಳಿಯಲ್ಲಿ ಹಳದಿಹೂವಿನ ಬುಟ್ಟಿಗಳು, ಹೂವಿನ ಹೆಸರು ಹೊತ್ತ ಆ ಬೆಟ್ಟದ ದಿಕ್ಕಿಗೆ, ವಂಡ್ಸೆಯ ಮಾರ್ಗವಾಗಿ ಸಾಗುತ್ತವೆ.