ಅಮೆರಿಕದ 2020ರ ಚುನಾವಣೆ: ಎಣಿಕೆಯನ್ನು ಕಾದವರು

ಸೋತವನು ಸೋಲನ್ನೊಪ್ಪಿ ಅಧಿಕಾರವನ್ನು ಬಿಟ್ಟುಕೊಡಬೇಕೆಂಬುದು ಪ್ರಜಾಪ್ರಭುತ್ವದ ಅತ್ಯಂತ ಸರಳವಾದ ನಿಯಮ. ಪಾಲಿಸಲು ಅತ್ಯಂತ ಕಠಿಣವಾದದ್ದೂ ಅದೇ. ಪಟ್ಟಕ್ಕಾಗಿ ಅಣ್ಣತಮ್ಮಂದಿರೇ ಕಾದಾಡಿದ ಕಥೆಗಳನ್ನು ನಾವೆಲ್ಲ ತರಗತಿಯಲ್ಲಿ ಬೇಕಾದಷ್ಟು ಓದಿದ್ದೇವೆ. ಅಂತಹ ರಕ್ತಪಾತವಿಲ್ಲದೆ ಅಧಿಕಾರ ಕೈಯಿಂದ ಕೈಗೆ ಹೋಗುವಂತೆ ಮಾಡಿದ್ದು ಮತಪೆಟ್ಟಿಗೆ. ಆದರೆ ಸೋತವನೇ ಗದ್ದುಗೆಯ ಮೇಲಿದ್ದು, ಸೋಲನ್ನು ಒಪ್ಪುವುದಿಲ್ಲವೆಂದು ಹಟ ಹಿಡಿದರೆ? ಬೇಲಿಯೇ ಎದ್ದು ಹೊಲ ಮೇಯಲು ಹೊರಟರೆ ಕಾಯುವವರು ಯಾರು? ಈ ಪ್ರಶ್ನೆಗೆ ಅಮೆರಿಕದ 2020ರ ಚುನಾವಣೆ ಒಂದು ಉತ್ತರವನ್ನು ಕೊಟ್ಟಿದೆ. ನಿಮ್ಮಲ್ಲಿ ಕೆಲವರು ಅಲ್ಲಿಯೇ ನೆಲೆಸಿ ಅದನ್ನು ಕಣ್ಣಾರೆ ಕಂಡವರು. ಆದರೂ ನಡೆದುದನ್ನು ಕ್ರಮವಾಗಿ ಜೋಡಿಸಿ ನೋಡುವುದು ಇತಿಹಾಸದ ಮೇಷ್ಟ್ರ ಹಳೆಯ ಅಭ್ಯಾಸ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯಬೇಕು. ನಮ್ಮಲ್ಲಿರುವಂತೆ ಇಡೀ ದೇಶದ ಚುನಾವಣೆಯನ್ನು ನಡೆಸುವ ಒಂದೇ ಆಯೋಗ ಅಲ್ಲಿಲ್ಲ. ಪ್ರತಿಯೊಂದು ರಾಜ್ಯವೂ ತನ್ನ ಕಾನೂನಿನಂತೆ ಮತ ಎಣಿಸಿ, ಫಲಿತಾಂಶವನ್ನು ಪ್ರಮಾಣೀಕರಿಸುತ್ತದೆ. ಒಟ್ಟು 538 ಮಂದಿ ಮತದಾರ ಪ್ರತಿನಿಧಿಗಳಿದ್ದು, 270 ಮತ ಪಡೆದವರು ಅಧ್ಯಕ್ಷರಾಗುತ್ತಾರೆ. ಈ ಪ್ರತಿನಿಧಿಗಳು ಡಿಸೆಂಬರಿನಲ್ಲಿ ತಮ್ಮ ತಮ್ಮ ರಾಜ್ಯಗಳಲ್ಲಿ ಮತ ನೀಡುತ್ತಾರೆ. ಜನವರಿ 6ರಂದು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಉಪಾಧ್ಯಕ್ಷರು ಆ ಪ್ರಮಾಣಪತ್ರಗಳನ್ನು ತೆರೆಯುತ್ತಾರೆ, ಎಣಿಕೆ ಮುಗಿಯುತ್ತದೆ.

ಈ ಕೊನೆಯ ಹಂತವೇ ಹಿಂದೊಮ್ಮೆ ದೇಶವನ್ನು ಬಿಕ್ಕಟ್ಟಿಗೆ ತಳ್ಳಿತ್ತು. 1876ರಲ್ಲಿ ಫ್ಲಾರಿಡಾ, ಲೂಯಿಸಿಯಾನ, ದಕ್ಷಿಣ ಕೆರೊಲಿನಾಗಳಿಂದ ಪರಸ್ಪರ ವಿರುದ್ಧವಾದ ಎರಡೆರಡು ಫಲಿತಾಂಶಗಳು ಬಂದವು. ಯಾವುದನ್ನು ಎಣಿಸಬೇಕೆಂದು ಸಂವಿಧಾನ ಸ್ಪಷ್ಟವಾಗಿ ಹೇಳಿರಲಿಲ್ಲ. 15 ಮಂದಿಯ ಆಯೋಗವೊಂದು ವಿವಾದದ ಪ್ರಶ್ನೆಗಳನ್ನೆಲ್ಲ 8-7ರ ಬಹುಮತದಿಂದ ತೀರ್ಮಾನಿಸಿತು. ಜನರ ಮತ ಹೆಚ್ಚು ಪಡೆದಿದ್ದ ಟಿಲ್ಡನ್ 184ಕ್ಕೆ ನಿಂತು, ಹೇಯ್ಸ್ 185 ಮತಗಳಿಂದ ಅಧ್ಯಕ್ಷರಾದರು. ಅದರ ಬೆನ್ನಲ್ಲೇ ದಕ್ಷಿಣದಲ್ಲಿ ಕಪ್ಪು ಜನರ ಹಕ್ಕುಗಳಿಗೆ ಆಸರೆಯಾಗಿದ್ದ ಕೇಂದ್ರದ ಸೈನ್ಯ ಕಾವಲಿನಿಂದ ಹಿಂದೆ ಸರಿಯಿತು. ಮೇಲಿನವರ ರಾಜಿಯ ಬೆಲೆಯನ್ನು ಮುಂದಿನ ತಲೆಮಾರುಗಳ ಬಡವರು ತೆತ್ತರು. 1887ರಲ್ಲಿ ಎಣಿಕೆಯ ಕಾನೂನೊಂದು ಬಂದಿತಾದರೂ ಅದರ ಭಾಷೆ ತೊಡಕಾಗಿತ್ತು.

ಆ ತೊಡಕು 2020ರವರೆಗೂ ಉಳಿದುಕೊಂಡು ಬಂದಿತು. ಆ ವರ್ಷದ ನವೆಂಬರ್ 3ರ ಚುನಾವಣೆಯಲ್ಲಿ ಜೋ ಬೈಡನ್‌ರಿಗೆ 306, ಅಧಿಕಾರದಲ್ಲಿದ್ದ ಡೊನಾಲ್ಡ್ ಟ್ರಂಪ್‌ರಿಗೆ 232 ಪ್ರತಿನಿಧಿ ಮತಗಳು ಬಂದವು. ಟ್ರಂಪ್ ಸೋಲನ್ನು ಒಪ್ಪಲಿಲ್ಲ. ಅವರ ಕಡೆಯವರು 60ಕ್ಕೂ ಹೆಚ್ಚು ದಾವೆಗಳನ್ನು ಹೂಡಿ, ಫಲಿತಾಂಶ ಬದಲಾಗುವಂತಹ ಒಂದು ತೀರ್ಪನ್ನೂ ಪಡೆಯಲಿಲ್ಲ. ದಾವೆಗಳನ್ನು ತಳ್ಳಿಹಾಕಿದ ನ್ಯಾಯಾಧೀಶರಲ್ಲಿ ಅವರೇ ನೇಮಿಸಿದವರೂ ಇದ್ದರು. ನಾಲ್ಕು ರಾಜ್ಯಗಳ ಫಲಿತಾಂಶವನ್ನು ಪ್ರಶ್ನಿಸಿ ಟೆಕ್ಸಾಸ್ ತಂದ ದಾವೆಯನ್ನು ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಸ್ವೀಕರಿಸಲಿಲ್ಲ. ಆ ಪೀಠದ ಒಂಬತ್ತು ಮಂದಿಯಲ್ಲಿ ಮೂವರು ಟ್ರಂಪ್ ನೇಮಿಸಿದವರು.

ನ್ಯಾಯಾಲಯಗಳ ಮಾತು ಸರಿ. ಆದರೆ ನನ್ನ ಗಮನ ಸೆಳೆದವರು ಅವರಿಗಿಂತ ಕೆಳಗಿನ ಹಂತದಲ್ಲಿದ್ದವರು. ಮಿಷಿಗನ್ ರಾಜ್ಯದ ಪ್ರಮಾಣೀಕರಣ ಮಂಡಲಿಯಲ್ಲಿ ಎರಡು ಪಕ್ಷಗಳಿಂದಲೂ ಇಬ್ಬಿಬ್ಬರು ಸದಸ್ಯರು. ಸ್ವಂತ ಪಕ್ಷದ ಒತ್ತಡವಿದ್ದರೂ ರಿಪಬ್ಲಿಕನ್ ಸದಸ್ಯ ಆರೋನ್ ವ್ಯಾನ್ ಲ್ಯಾಂಗವೆಲ್ಡ್ ನವೆಂಬರ್ 23ರಂದು ಪ್ರಮಾಣೀಕರಣದ ಪರವಾಗಿ ಮತ ನೀಡಿದರು. ಎಣಿಕೆಯನ್ನು ದೃಢೀಕರಿಸುವುದಷ್ಟೇ ಮಂಡಲಿಗೆ ಕಾನೂನು ಕೊಟ್ಟ ಕೆಲಸವೆಂಬುದು ಅವರ ನಿಲುವು. ಜಾರ್ಜಿಯಾದಲ್ಲಿ ಅಂತರ ಕೇವಲ 11,779 ಮತ; ಸುಮಾರು 50 ಲಕ್ಷ ಮತಪತ್ರಗಳನ್ನು ಅಲ್ಲಿ ಕೈಯಿಂದಲೇ ಮತ್ತೊಮ್ಮೆ ಎಣಿಸಿದ್ದರು. 2021ರ ಜನವರಿ 2ರಂದು ಸ್ವತಃ ಅಧ್ಯಕ್ಷರೇ ದೂರವಾಣಿಯಲ್ಲಿ, ಆ ಅಂತರಕ್ಕಿಂತ ಒಂದು ಹೆಚ್ಚು ಮತವನ್ನು ಹುಡುಕಿಕೊಡಬೇಕೆಂದು ಕೇಳಿದಾಗ, ಅವರದೇ ಪಕ್ಷದ ರಾಜ್ಯ ಕಾರ್ಯದರ್ಶಿ ಬ್ರಾಡ್ ರಾಫೆನ್ಸ್‌ಪರ್ಗರ್ ಒಪ್ಪಲಿಲ್ಲ. ಅರಿಜೋನಾದ ಸ್ಪೀಕರ್ ರಸ್ಟಿ ಬೋವರ್ಸ್ ಟ್ರಂಪ್‌ರ ಗೆಲುವಿಗೆ ದುಡಿದಿದ್ದವರು; ಪ್ರತಿನಿಧಿಗಳನ್ನು ಬದಲಿಸುವ ಮಾತು ಬಂದಾಗ, ತಾನು ಸಂವಿಧಾನಕ್ಕೆ ಮಾಡಿದ ಪ್ರಮಾಣವನ್ನು ಮುಂದಿಟ್ಟರು.

ಜನವರಿ 6ರಂದು ಗುಂಪು ಸಂಸತ್ ಭವನದೊಳಕ್ಕೆ ನುಗ್ಗಿತು. ಆ ಗದ್ದಲದ ನಡುವೆ ಸೆನೆಟ್ಟಿನ ಸಿಬ್ಬಂದಿ ಪ್ರಮಾಣಪತ್ರಗಳಿದ್ದ ಮರದ ಪೆಟ್ಟಿಗೆಗಳನ್ನು ಮರೆಯದೆ ಹೊತ್ತೊಯ್ದರು. ಉಪಾಧ್ಯಕ್ಷ ಮೈಕ್ ಪೆನ್ಸ್, ಮತಗಳನ್ನು ತಿರಸ್ಕರಿಸುವ ಅಧಿಕಾರ ತಮಗಿಲ್ಲವೆಂದು ಅಂದೇ ಲಿಖಿತವಾಗಿ ತಿಳಿಸಿದ್ದರು. ರಾತ್ರಿ ಅಧಿವೇಶನ ಮತ್ತೆ ಸೇರಿತು. ನಸುಕಿನ ಮೂರೂವರೆ ದಾಟಿದ ಮೇಲೆ ಎಣಿಕೆ ಮುಗಿಯಿತು. ಅಂತಹ ದಿನದ ನಂತರವೂ 147 ಸಂಸದರು ಒಂದಿಲ್ಲೊಂದು ರಾಜ್ಯದ ಫಲಿತಾಂಶದ ವಿರುದ್ಧ ಮತ ಹಾಕಿದರೆಂಬುದನ್ನೂ ಮರೆಯಬಾರದು.

ನಮ್ಮಲ್ಲಿ ಚುನಾವಣೆಯ ಕೆಲಸ ಮಾಡಿದ ಶಿಕ್ಷಕರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕುಳಿತವನ ಮುಂದಿರುವುದು ಲೆಕ್ಕದ ನಮೂನೆಗಳು, ಅರಗಿನ ಮುದ್ರೆ, ಏಜೆಂಟರ ಸಹಿ. ನೀರಸವಾದ ಕೆಲಸ. ಆದರೆ ಆ ಲೆಕ್ಕ ತಾಳೆಯಾಗದಿದ್ದರೆ ಮೇಲಿನ ಯಾವ ತೀರ್ಪಿಗೂ ಆಧಾರವಿರುವುದಿಲ್ಲ. ಸಂಸ್ಥೆಯೆಂದರೆ ಕಲ್ಲಿನ ಕಟ್ಟಡವೆಂದು ಭಾವಿಸುವವರು ಈ ಮೇಜಿನ ಬಳಿ ಒಂದು ದಿನ ಕುಳಿತು ನೋಡಬೇಕು.

ಇವರಿಗೆ ಸನ್ಮಾನವೇನೂ ಕಾದಿರಲಿಲ್ಲ. ವ್ಯಾನ್ ಲ್ಯಾಂಗವೆಲ್ಡ್‌ರನ್ನು ಪಕ್ಷ ಆ ಮಂಡಲಿಗೆ ಮತ್ತೆ ಸೂಚಿಸಲಿಲ್ಲ. ಬೋವರ್ಸ್ 2022ರಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. ಜಾರ್ಜಿಯಾದಲ್ಲಿ ಮತ ಎಣಿಸಿದ ತಾಯಿ ಮಗಳಿಬ್ಬರು ಸುಳ್ಳು ಆರೋಪಕ್ಕೂ ಬೆದರಿಕೆಗಳಿಗೂ ಗುರಿಯಾದರು. ರಾಫೆನ್ಸ್‌ಪರ್ಗರ್ ಮಾತ್ರ 2022ರಲ್ಲಿ ಮರಳಿ ಗೆದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ 1887ರ ಕಾನೂನು ತಿದ್ದುಪಡಿಯಾಯಿತು: ಉಪಾಧ್ಯಕ್ಷರ ಪಾತ್ರ ಕೇವಲ ಔಪಚಾರಿಕವೆಂದು ಸ್ಪಷ್ಟವಾಯಿತು, ಹಿಂದೆ ಪ್ರತಿ ಸದನದ ಒಬ್ಬೊಬ್ಬ ಸದಸ್ಯನಿಂದಲೇ ಏಳುತ್ತಿದ್ದ ಆಕ್ಷೇಪಕ್ಕೆ ಈಗ ಐದನೆಯ ಒಂದು ಭಾಗದ ಬೆಂಬಲ ಬೇಕು.

2024ರಲ್ಲಿ ಟ್ರಂಪ್ ನ್ಯಾಯವಾಗಿ ಗೆದ್ದರು. 2025ರ ಜನವರಿ 6ರಂದು, ಸೋತ ಅಭ್ಯರ್ಥಿಯೇ ಆಗಿದ್ದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅಧ್ಯಕ್ಷಪೀಠದಲ್ಲಿ ಕುಳಿತು ತಮ್ಮ ಸೋಲನ್ನು ತಾವೇ ಓದಿ ಹೇಳಿದರು. ಎರಡು ವಾರಗಳ ಬಳಿಕ ಅಧಿಕಾರ ವಹಿಸಿಕೊಂಡ ದಿನವೇ ಟ್ರಂಪ್, 2021ರ ದಾಳಿಯ ಪ್ರಕರಣಗಳಲ್ಲಿದ್ದ ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಬೇಲಿ ಒಮ್ಮೆ ಉಳಿಯಿತೆಂದರೆ ಮುಂದೆಯೂ ತಾನಾಗಿ ಉಳಿಯುತ್ತದೆಂದಲ್ಲ. ಕಾನೂನಿನ ಸಂದುಗಳನ್ನು ಕಾಲಕಾಲಕ್ಕೆ ಮುಚ್ಚಬೇಕು; ಅದಕ್ಕಿಂತ ಹೆಚ್ಚಾಗಿ, ಇಲ್ಲವೆನ್ನಬೇಕಾದಲ್ಲಿ ಇಲ್ಲವೆನ್ನಬಲ್ಲವರನ್ನು ಸಣ್ಣ ಹುದ್ದೆಗಳಲ್ಲಿ ಇರಿಸಿಕೊಳ್ಳಬೇಕು. ನಿಮ್ಮಲ್ಲಿ ಅನೇಕರು ಇಂದು ಅಂತಹ ಹುದ್ದೆಗಳಲ್ಲಿದ್ದೀರಿ. ನಿಮಗಾಗಿಯೇ ಇಷ್ಟನ್ನು ಬರೆದೆ.