ಬನಶಂಕರಿ ಜಾತ್ರೆಯ ಟಿಕೆಟ್ ಆಟಗಳು

ಐಹೊಳೆ, ಅಮೀನಗಡ, ಹುನಗುಂದ ಸೀಮೆಯ ಮಂದಿ ರೊಕ್ಕ ಕೊಟ್ಟು ಆಟ ನೋಡಬೇಕೆಂದರೆ ಬಹುಕಾಲ ಚಕ್ಕಡಿ ಕಟ್ಟುತ್ತಿದ್ದುದು ಬಾದಾಮಿ ಪಕ್ಕದ ಬನಶಂಕರಿಗೆ. ಬನದ ಹುಣ್ಣಿಮೆಯ ತೇರು ಎಳೆದು ಮುಗಿದರೂ ಚೊಳಚಗುಡ್ಡದ ಬಯಲಿನ ಜಾತ್ರೆ ವಾರಗಟ್ಟಲೆ ಕರಗುವುದಿಲ್ಲ. ಹಗಲು ಹೊಂಡದ ಸ್ನಾನ, ಕಾಯಿ-ಕರ್ಪೂರ, ಬಾಗಿಲು ಚೌಕಟ್ಟಿನ ವ್ಯಾಪಾರ. ಕತ್ತಲಾದ ಮೇಲೆ ಜಾತ್ರೆ ಟಿಕೆಟ್ಟಿನವರದು.

ಈ ಟಿಕೆಟ್ ಲೋಕದಲ್ಲಿ ಹಿರಿಯಣ್ಣ ಕಂಪನಿ ನಾಟಕ. ಶಿರಹಟ್ಟಿಯ ವೆಂಕೋಬರಾಯರು, ಗದಗಿನ ಗರೂಡ ಸದಾಶಿವರಾಯರು ಕಟ್ಟಿದ ದಾರಿಯಲ್ಲಿ ಕಂಪನಿಗಳು ಊರೂರು ತಿರುಗಿದವು. ಮೊದಮೊದಲು ಪುರಾಣದ ಕಥೆ, ಆಮೇಲೆ ಸಂಸಾರದ ಕಥೆ. ಈ ಹೊರಳಿನಲ್ಲಿ ದೊಡ್ಡ ಹೆಸರು ಐಹೊಳೆಗೆ ಸಮೀಪದ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರದು. ಅವರ ‘ಸಂಪತ್ತಿಗೆ ಸವಾಲ್’ ಕಂಪನಿಗಳ ಗಲ್ಲಾಪೆಟ್ಟಿಗೆ ತುಂಬಿಸಿತು. 1974ರಲ್ಲಿ ಅದೇ ಕಥೆ ರಾಜ್‌ಕುಮಾರ್ ನಟಿಸಿದ ಸಿನಿಮಾ ಆದಾಗ ನಾಡೆಲ್ಲ ನೋಡಿತು. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳಿಗೆ ಬನಶಂಕರಿ ಕ್ಯಾಂಪಿನ ಗಳಿಕೆಯೇ ವರ್ಷದ ಆಸರೆ. ಈಚಿನ ದಶಕಗಳಲ್ಲಿ ಫಲಕದ ಮೇಲೆ ಎರಡರ್ಥದ ಹೆಸರು, ಒಳಗೆ ಅದೇ ಜಾತಿಯ ಮಾತು. ಟಿ.ವಿ. ಬಂದ ಮೇಲೆ ಹೊಟ್ಟೆಪಾಡಿಗೆ ಹಿಡಿದ ದಾರಿ ಇದು ಎಂಬ ಸಮಜಾಯಿಷಿಯಲ್ಲಿ ಅರ್ಧ ನಿಜವಿದೆ. ಇನ್ನರ್ಧ ಬರೆಯುವವರ ಸೋಮಾರಿತನ.

ಡೇರೆಯಲ್ಲಿ ಸಿನಿಮಾ ತೋರಿಸುವ ಟೂರಿಂಗ್ ಟಾಕೀಸು ನಡುವೆ ಬಂದು ನಡುವೆಯೇ ಹೋಯಿತು. ಊರಿಗೊಂದು ಪಕ್ಕಾ ಥೇಟರು, ಆಮೇಲೆ ಮನೆಗೊಂದು ಪೆಟ್ಟಿಗೆ ಬಂದ ಮೇಲೆ ಆ ಡೇರೆಗೆ ಜಾಗ ಉಳಿಯಲಿಲ್ಲ.

ಹುಡುಗರನ್ನು ಎಳೆಯುತ್ತಿದ್ದುದು ಮಾತ್ರ ಮರಣಬಾವಿ. ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಉಕ್ಕಿನ ಹಗ್ಗದಿಂದ ಬಿಗಿದು ಕಟ್ಟಿದ ದುಂಡನೆಯ ಗೋಡೆ. ನೋಡುವವರು ಮೆಟ್ಟಿಲೇರಿ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಬೇಕು. ಮೋಟಾರ್‌ಸೈಕಲ್ ಸವಾರ ತಳದಲ್ಲಿ ಎರಡು ಸುತ್ತು ಹಾಕಿ, ಇಳಿಜಾರು ಹಲಗೆ ಹತ್ತಿ, ವೇಗ ಹಿಡಿದು ನೆಟ್ಟ ಗೋಡೆಗೆ ಏರುತ್ತಾನೆ. ವೇಗ ಹೆಚ್ಚಿದಷ್ಟೂ ಟೈರು ಗೋಡೆಗೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ತಿಕ್ಕಾಟವೇ ಗಾಡಿಯನ್ನು ಬೀಳದಂತೆ ಹಿಡಿಯುವುದು. ಗಾಡಿ ಹಾದಾಗ ನಿಂತ ಕಟ್ಟೆಯೇ ನಡುಗುತ್ತದೆ. ಕೈ ಬಿಟ್ಟು ಓಡಿಸುವುದು, ಮೇಲಿನವರು ಚಾಚಿದ ನೋಟನ್ನು ಕಿತ್ತುಕೊಂಡು ಹೋಗುವುದು ಆಟದ ಭಾಗ. ಟಿಕೆಟ್ಟಿಗಿಂತ ಈ ನೋಟುಗಳೇ ಸವಾರನಿಗೆ ಮುಖ್ಯ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ, 1910ರ ದಶಕದಲ್ಲಿ. ನ್ಯೂಯಾರ್ಕಿನ ಕೋನಿ ಐಲೆಂಡ್ ಜಾತ್ರೆಯಂಗಳದಲ್ಲಿ ಓರೆಗೋಡೆಯ ಮೋಟಾರು ಓಟವಾಗಿ ಶುರುವಾಗಿ ನೆಟ್ಟಗೋಡೆಗೆ ಬಂತು. ಅಲ್ಲಿ ಸವಾರರು ಇಂಡಿಯನ್ ಸ್ಕೌಟ್ ಬೈಕನ್ನು ನೆಚ್ಚಿಕೊಂಡರೆ ನಮ್ಮಲ್ಲಿ ಮೈಸೂರಿನ ಕಾರ್ಖಾನೆಯ ಜಾವಾ-ಯೆಜ್ಡಿ, ಬಳಿಕ ಯಮಹಾ ಆರ್‌ಎಕ್ಸ್ 100, ಜೊತೆಗೆ ಮಾರುತಿ 800 ಕಾರು.

ಇದಕ್ಕೆ ಪಕ್ಕದ ಸೋದರನಂಥ ಇನ್ನೊಂದು ಟಿಕೆಟ್ ಓಟ 1960ರ ದಶಕದಲ್ಲಿ ಅಮೆರಿಕದ ಪೇಟೆಗಳನ್ನು ಹಿಡಿದಿತ್ತು: ಸ್ಲಾಟ್ ಕಾರ್. ಇಂಗ್ಲೆಂಡಿನಲ್ಲಿ 1957ರಲ್ಲಿ ಫ್ರೆಡ್ ಫ್ರಾನ್ಸಿಸ್ ತಂದ ಸ್ಕೇಲೆಕ್ಸ್‌ಟ್ರಿಕ್ ಮನೆಯೊಳಗಿನ ಆಟಿಕೆ. ಅಮೆರಿಕದವರು ಅದೇ ಬಗೆಯ ಓಟಕ್ಕೆ ದೊಡ್ಡ ಮರದ ಟ್ರ್ಯಾಕು ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರು. ಟ್ರ್ಯಾಕಿನ ಸೀಳಿನಲ್ಲಿ ಸಿಕ್ಕಿಸಿದ ಅಂಗೈ ಅಳತೆಯ ಕಾರು, ಸೀಳಿನ ಎರಡೂ ಬದಿಯ ಲೋಹದ ಪಟ್ಟಿಯಿಂದ ಕರೆಂಟು, ಆಡುವವನ ಕೈಯಲ್ಲಿ ವೇಗದ ಗುಂಡಿ. ಸಾವಿರಾರು ಕೇಂದ್ರಗಳು ತೆರೆದವು. ದಶಕ ಮುಗಿಯುವ ಹೊತ್ತಿಗೆ ಹೆಚ್ಚಿನವು ಬೀಗ ಹಾಕಿದವು.

ಕಾರಣವನ್ನು ಹುಡುಗರ ಚಂಚಲತೆಗೆ ಕಟ್ಟುವುದು ಸುಲಭ. ನನಗೆ ಕಾಣುವುದು ಬಾಡಿಗೆಯ ಲೆಕ್ಕ. ಒಂದೇ ಪೇಟೆಯಲ್ಲಿ ಹನ್ನೆರಡು ತಿಂಗಳೂ ಕದ ತೆರೆದಿಡುವ ಆಟಕ್ಕೆ ಅದೇ ಗಿರಾಕಿಗಳು ಮತ್ತೆ ಮತ್ತೆ ಬರಬೇಕು. ಬರದಿದ್ದರೂ ಬಾಡಿಗೆ ನಿಲ್ಲದು. ಬನಶಂಕರಿಯ ಆಟದವರು ಮಂದಿ ಬೇಸರಪಡುವ ಮೊದಲೇ ತಗಡು, ಹಲಗೆ, ಪರದೆ ಬಿಚ್ಚಿ ಲಾರಿಗೆ ಹೇರುತ್ತಾರೆ. ಮುಂದಿನ ಜಾತ್ರೆಯಲ್ಲಿ ಹೊಸ ಕಣ್ಣುಗಳು. ಆದರೆ ಜಾತ್ರೆಯೇ ನಿಂತರೆ ಈ ಜಾಣತನ ನಡೆಯದು. ಕೋವಿಡ್ ಕಾಲದಲ್ಲಿ ಕಂಪನಿಯವರು ತುತ್ತಿಗೆ ಪರದಾಡಿದ್ದು ಹಾಗೆ.

ಈಗ ಮರಣಬಾವಿಯವರ ಚಿಂತೆ ಬೇರೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು. ಹೊಸ ಕಾರುಗಳು ತೂಕದವು, ಹಲಗೆಗೆ ಒಗ್ಗವು. ಹಾಗಾಗಿ ಹಳೆಯ ಎಂಜಿನ್ನುಗಳನ್ನೇ ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಾರೆ, ಬಿಡಿಭಾಗಕ್ಕೆ ಗುಜರಿ ಅಂಗಡಿ ತಡಕುತ್ತಾರೆ.