ಅರ್ಧ ಕ್ರೌನಿನ ಗೇಟು

1837ರ ಜೂನ್ 3. ಲಂಡನ್ನಿನ ಪಶ್ಚಿಮ ಅಂಚಿನಲ್ಲಿದ್ದ ನಾಟಿಂಗ್ ಹಿಲ್ ಗುಡ್ಡದ ಸುತ್ತ ಜಾನ್ ವೈಟ್ ಎಂಬಾತ ಹೊಸದೊಂದು ರೇಸ್ ಕೋರ್ಸ್ ತೆರೆದ. ಹೆಸರು ಹಿಪೊಡ್ರೋಮ್. ಜಾಗದ ಸುತ್ತ ಮರದ ಬೇಲಿ ಹಾಕಿ, ಒಳಬರುವವರಿಗೆ ಶುಲ್ಕ ಗೊತ್ತುಮಾಡಿದ್ದ. ಆದರೆ ಮೊದಲ ದಿನವೇ ಎಡವಟ್ಟಾಯಿತು. ಆ ಜಾಗದ ನಡುವೆ ಊರವರು ಹಿಂದಿನಿಂದಲೂ ನಡೆದಾಡುತ್ತಿದ್ದ ಕಾಲುದಾರಿಯೊಂದಿತ್ತು. ಸಾರ್ವಜನಿಕ ದಾರಿಗೆ ಅಡ್ಡ ಹಾಕುವ ಅಧಿಕಾರ ಇವನಿಗೆಲ್ಲಿಯದು ಎಂದು ಸ್ಥಳೀಯರು ಬೇಲಿ ಕಡಿದರು. ಆ ಸಂದಿನಲ್ಲಿ ಸಾವಿರಾರು ಮಂದಿ ಬಿಡಿಗಾಸು ಕೊಡದೆ ಒಳಗೆ ಬಂದು ರೇಸ್ ನೋಡಿದರು.

ವೈಟ್‌ನ ಸಾಹಸ ಬಹಳ ದಿನ ನಡೆಯಲಿಲ್ಲ. ಜೇಡಿ ನೆಲ ಮಳೆಗೆ ಕೆಸರಾಗಿ ಕುದುರೆಗಳ ಕಾಲು ಹೂಳುತ್ತಿತ್ತು. ದಾರಿಯ ತಕರಾರೂ ಮುಗಿಯಲಿಲ್ಲ. 1841ರಲ್ಲಿ ಅಲ್ಲಿ ಕೊನೆಯ ರೇಸ್ ನಡೆಯಿತು. ಈಗ ಅಲ್ಲಿರುವುದು ಸಿರಿವಂತರ ಮನೆಗಳು. ಹಿಪೊಡ್ರೋಮ್ ಪ್ಲೇಸ್ ಎಂಬ ಸಣ್ಣ ಬೀದಿಯ ಹೆಸರಿನಲ್ಲಿ ಮಾತ್ರ ಹಳೆಯ ನೆನಪು ಉಳಿದಿದೆ.

ರೇಸ್ ಕೋರ್ಸಿಗೆ ಟಿಕೆಟ್ ಕೊಂಡೇ ಹೋಗಬೇಕೆಂಬುದು ಇಂದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಕುದುರೆ ಪಂದ್ಯಗಳ ತವರಾದ ಇಂಗ್ಲೆಂಡಿನಲ್ಲಿ 19ನೇ ಶತಮಾನದ ಬಹುಭಾಗ ಹಾಗಿರಲಿಲ್ಲ. ಪಂದ್ಯ ನಡೆಯುತ್ತಿದ್ದುದು ಊರಿನ ಗೋಮಾಳದಂಥ ಬಯಲಿನಲ್ಲಿ. ಅಟ್ಟಣಿಗೆಯ ಮೇಲೆ ಕೂರುವವರು, ಸಾರೋಟು ನಿಲ್ಲಿಸುವವರು ದುಡ್ಡು ಕೊಡುತ್ತಿದ್ದರು. ಹೆಂಡದಂಗಡಿ, ತಿಂಡಿಯಂಗಡಿ, ದೊಂಬರಾಟದವರಿಂದ ನೆಲಬಾಡಿಗೆ ಬರುತ್ತಿತ್ತು. ಬಹುಮಾನಕ್ಕೆ ಊರಿನ ಶ್ರೀಮಂತರೂ ಛತ್ರದ ಮಾಲೀಕರೂ ಚಂದಾ ಎತ್ತುತ್ತಿದ್ದರು. ನಿಂತು ನೋಡುವವನಿಗೆ ಎಲ್ಲವೂ ಪುಕ್ಕಟೆ. ಒಂದು ರೀತಿಯಲ್ಲಿ ನಮ್ಮ ಜಾತ್ರೆಯಂತೆಯೇ. ತೇರಿನ ಜಾಗದಲ್ಲಿ ಕುದುರೆ ಇತ್ತು, ಅಷ್ಟೆ.

ಈ ಜಾತ್ರೆಯನ್ನು ನೋಡಬೇಕೆಂದರೆ ವಿಲಿಯಂ ಫ್ರಿತ್ 1858ರಲ್ಲಿ ಪ್ರದರ್ಶಿಸಿದ ‘ದಿ ಡರ್ಬಿ ಡೇ’ ಚಿತ್ರವನ್ನು ಗಮನಿಸಬೇಕು. ಎಪ್ಸಮ್ ಬಯಲಿನ ಡರ್ಬಿ ಪಂದ್ಯದ ದಿನ ಅದು. ಜೂಜಿನಲ್ಲಿ ಕಿಸೆ ಬರಿದು ಮಾಡಿಕೊಂಡ ಯುವಕ, ಕಣ್ಕಟ್ಟಿನವರು, ಹಸಿದ ಕಣ್ಣಿನ ದೊಂಬರ ಹುಡುಗ, ಸಾರೋಟಿನ ಹೆಂಗಸರು ಎಲ್ಲರೂ ಅದರಲ್ಲಿದ್ದಾರೆ. ಕುದುರೆಗಳನ್ನು ಮಾತ್ರ ಹಿನ್ನೆಲೆಯಲ್ಲಿ ಹುಡುಕಬೇಕು! ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಈ ಚಿತ್ರ ನೋಡಲು ಎಷ್ಟು ನೂಕುನುಗ್ಗಲಾಯಿತೆಂದರೆ ಅದರ ಮುಂದೆ ಕಟಕಟೆ ಹಾಕಿಸಬೇಕಾಯಿತು. ಬಯಲಿಗೆ ಇಲ್ಲದ ಬೇಲಿ ಚಿತ್ರಕ್ಕೆ ಬಂತು.

ಹಿಪೊಡ್ರೋಮ್‌ನಲ್ಲಿ ಸೋತ ಉಪಾಯ ಗೆದ್ದದ್ದು 1875ರಲ್ಲಿ. ಲಂಡನ್ನಿನ ನೈರುತ್ಯಕ್ಕೆ, ಸರ್ರೆ ಪ್ರಾಂತ್ಯದ ಈಷರ್ ಎಂಬಲ್ಲಿ ಹೂಫಾ ವಿಲಿಯಮ್ಸ್, ಅವನ ಅಣ್ಣ ಜನರಲ್ ಓವನ್ ವಿಲಿಯಮ್ಸ್ ಮತ್ತು ಸರ್ ವಿಲ್ಫರ್ಡ್ ಬ್ರೆಟ್ ಸೇರಿ ಸ್ಯಾಂಡೌನ್ ಪಾರ್ಕ್ ತೆರೆದರು. ಇಲ್ಲಿ ನಿಂತು ನೋಡುವವನೂ ಕಡೇಪಕ್ಷ ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲ್ಲಿಂಗ್ ಕೊಡಬೇಕಿತ್ತು. ಆ ಕಾಲದ ಹೊಲದ ಕೂಲಿಯವನ ಒಂದು ದಿನದ ದುಡಿಮೆಗೆ ಅದು ಹೆಚ್ಚುಕಡಿಮೆ ಸಮ.

ಅರ್ಧ ಕ್ರೌನು ಬರಿಯ ವರಮಾನವಾಗಿರಲಿಲ್ಲ, ಅದೊಂದು ಜರಡಿಯೂ ಆಗಿತ್ತು ಎಂಬುದನ್ನು ಗಮನಿಸಬೇಕು. ಜೇಬುಗಳ್ಳ, ಪುಂಡ, ಕುಡುಕ ಹೊರಗುಳಿಯಲಿ ಎಂಬ ಲೆಕ್ಕವಿತ್ತು. ಬಡವನೂ ಹೊರಗುಳಿದ ಎಂಬುದನ್ನು ಯಾರೂ ದೊಡ್ಡದು ಮಾಡಲಿಲ್ಲ. ಇನ್ನೊಂದು ಕಡೆ, ಅದುವರೆಗೆ ರೇಸಿನ ಬಯಲಿನತ್ತ ಸುಳಿಯಲು ಅಳುಕುತ್ತಿದ್ದ ಜನ ಈ ಗೇಟನ್ನು ನಂಬಿ ಒಳಗೆ ಬಂದರು. ಮುಖ್ಯವಾಗಿ ಹೆಂಗಸರು. ಸ್ಯಾಂಡೌನ್‌ನಲ್ಲಿ ಸದಸ್ಯರ ಕ್ಲಬ್ಬೊಂದಿತ್ತು. ಸದಸ್ಯನಾದವನು ಮನೆಯ ಹೆಣ್ಣುಮಕ್ಕಳನ್ನು ಕರೆತಂದು ಹುಲ್ಲುಹಾಸಿನ ಮೇಲೆ ನಿಶ್ಚಿಂತೆಯಿಂದ ಓಡಾಡಬಹುದಿತ್ತು. ವಾಟರ್‌ಲೂ ನಿಲ್ದಾಣದಿಂದ ರೈಲು ಹತ್ತಿದರೆ ಈಷರ್. ಅಲ್ಲಿಂದ ಗೇಟಿಗೆ ಕೆಲವೇ ಹೆಜ್ಜೆ. ಹೊಸ ಪ್ರೇಕ್ಷಕರನ್ನು ಸೆಳೆಯಲು ದರ ಇಳಿಸಬೇಕೆನ್ನುವುದು ಇಂದಿನ ಮಾತು. ಸ್ಯಾಂಡೌನ್ ದರ ಏರಿಸಿಯೇ ಹೊಸಬರನ್ನು ಸೆಳೆಯಿತು.

ಗೇಟಿನ ದುಡ್ಡು ಬಹುಮಾನಕ್ಕೆ ಹರಿಯಿತು. 1886ರಲ್ಲಿ ಸ್ಯಾಂಡೌನ್ ನಡೆಸಿದ ಮೊದಲ ಎಕ್ಲಿಪ್ಸ್ ಸ್ಟೇಕ್ಸ್‌ನ ಬಹುಮಾನ 10,000 ಪೌಂಡ್, ಬ್ರಿಟನ್ ಅದುವರೆಗೆ ಕಾಣದ ಮೊತ್ತ. ಕೆಂಪ್ಟನ್ ಪಾರ್ಕ್ 1878ರಲ್ಲಿ, ಹರ್ಸ್ಟ್ ಪಾರ್ಕ್ 1890ರಲ್ಲಿ ಇದೇ ದಾರಿ ಹಿಡಿದವು. ಬಯಲಿನ ಸಣ್ಣ ರೇಸುಗಳಿಗೆ ಮಾತ್ರ ಕಷ್ಟಕಾಲ ಬಂತು. ದಿನಕ್ಕೆ ಇಂತಿಷ್ಟು ಬಹುಮಾನ ಇರಲೇಬೇಕೆಂದು ಜಾಕಿ ಕ್ಲಬ್ 1877ರಲ್ಲಿ ನಿಯಮ ಮಾಡಿತು. ಲಂಡನ್ನಿನ ಹತ್ತು ಮೈಲಿ ಆಸುಪಾಸಿನ ರೇಸುಗಳಿಗೆ 1879ರ ಕಾನೂನು ಪರವಾನಗಿ ಕಡ್ಡಾಯ ಮಾಡಿತು. ಚಂದಾ ನೆಚ್ಚಿದ್ದ ಊರ ಪಂದ್ಯಗಳು ಒಂದೊಂದಾಗಿ ನಿಂತವು.

ಗೇಟಿಗೆ ಇನ್ನೊಂದು ಬಲವೂ ಇತ್ತು. 1906ರ ಕಾನೂನು ಬೀದಿಯಲ್ಲಿ ಬಾಜಿ ಕಟ್ಟುವುದನ್ನು ನಿಷೇಧಿಸಿತು. ಬುಕ್ಕಿಯ ಬಳಿ ಸಾಲದ ಖಾತೆ ಇಟ್ಟುಕೊಂಡ ಸಾಹುಕಾರ ಮನೆಯಲ್ಲಿ ಕೂತೇ ಬಾಜಿ ಕಟ್ಟಬಹುದಿತ್ತು. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ನಗದು ಕೊಟ್ಟು ಬಾಜಿ ಕಟ್ಟುವ ಕಾರ್ಮಿಕ ಮಾತ್ರ ಕಾನೂನಿಗೆ ಒಳಪಟ್ಟು ಆಡಬೇಕೆಂದರೆ ರೇಸ್ ಕೋರ್ಸಿಗೇ ಬರಬೇಕು. ಕದ್ದು ಆಡುವವರು ಕಡಿಮೆಯೇನಿರಲಿಲ್ಲ. ಆದರೂ ಟಿಕೆಟ್ಟೆಂಬುದು ಪೊಲೀಸರ ಭಯವಿಲ್ಲದೆ ಬಾಜಿ ಕಟ್ಟುವ ರಹದಾರಿಯಾಗಿತ್ತು.

1961ರ ಮೇ 1ರಂದು ಈ ರಹದಾರಿಯ ಬೆಲೆ ಬಿತ್ತು. ಅಂದಿನಿಂದ ಬ್ರಿಟನ್ನಿನ ಬೀದಿಗಳಲ್ಲಿ ಪರವಾನಗಿ ಪಡೆದ ಬಾಜಿಯಂಗಡಿಗಳು ತೆರೆದವು. ಮನೆ ಪಕ್ಕದಲ್ಲೇ ಬಾಜಿ ಕಟ್ಟುವ ಅವಕಾಶವಿರುವಾಗ ರೈಲು ಹತ್ತಿ, ಟಿಕೆಟ್ ಕೊಂಡು, ಮಳೆಯಲ್ಲಿ ನಿಲ್ಲುವವರಾರು? ಹರ್ಸ್ಟ್ ಪಾರ್ಕ್ 1962ರಲ್ಲಿ ಮುಚ್ಚಿ, ಆ ನೆಲದಲ್ಲಿ ಮನೆಗಳೆದ್ದವು. ಅದರ ಸ್ಟ್ಯಾಂಡೊಂದನ್ನು ಮ್ಯಾನ್ಸ್‌ಫೀಲ್ಡ್ ಫುಟ್‌ಬಾಲ್ ಕ್ಲಬ್ ಕೊಂಡೊಯ್ದಿತು. ಮ್ಯಾಂಚೆಸ್ಟರ್, ಲಿಂಕನ್, ಬರ್ಮಿಂಗ್‌ಹ್ಯಾಮ್‌ಗಳ ಕೋರ್ಸುಗಳೂ 1965ರ ಒಳಗೇ ಮುಚ್ಚಿದವು. ಕುದುರೆ ಪಂದ್ಯವನ್ನು ಬದುಕಿಸಲು ಬುಕ್ಕಿಗಳಿಂದ ವಂತಿಗೆ ವಸೂಲಿ ಮಾಡುವ ಮಂಡಲಿಯನ್ನು ಸರ್ಕಾರ 1961ರಲ್ಲೇ ಸ್ಥಾಪಿಸಿತ್ತು. ಅಂದರೆ, ಕೋರ್ಸಿಗೆ ಕಾಲಿಡದವನ ಬಾಜಿಯಿಂದಲೇ ಕೋರ್ಸು ನಡೆಯುವ ಸ್ಥಿತಿ ಬಂತು.

ಆಮೇಲಿನ ಕಥೆಯೆಲ್ಲ ಜನರನ್ನು ಮತ್ತೆ ಗೇಟಿನೊಳಗೆ ಕರೆಯುವ ಪ್ರಯತ್ನ. ಸಂಜೆಯ ರೇಸು, ರೇಸಿನ ನಂತರ ಸಂಗೀತ, ಮಹಿಳೆಯರ ವಿಶೇಷ ದಿನ, ಮಕ್ಕಳಿಗೆ ಉಚಿತ ಪ್ರವೇಶ. ಇವು ಜನರನ್ನು ತಂದವು, ನಿಜ. ಆದರೆ ಹಾಡು ಕೇಳಲು ಬಂದವನು ಮುಂದಿನ ವಾರ ಕುದುರೆ ನೋಡಲು ಬರುತ್ತಾನೆಯೇ? ಕುದುರೆಯ ವಂಶ, ಜಾಕಿಯ ಜಾಣತನ, ನೆಲದ ತೇವ ಇವನ್ನೆಲ್ಲ ಓದಲು ಕಲಿತವನಿಗಷ್ಟೇ ರೇಸು ರುಚಿಸುವುದು. ಆ ಕಲಿಕೆಗೆ ಪದೇ ಪದೇ ಬರಬೇಕು. ಪದೇ ಪದೇ ಬರಲು ಗೇಟು ಅಗ್ಗವಿರಬೇಕು. ಹಾಂಕಾಂಗಿನ ಹ್ಯಾಪಿ ವ್ಯಾಲಿ ಇದನ್ನರಿತು ಸಾಮಾನ್ಯ ಪ್ರವೇಶಕ್ಕೆ ವರ್ಷಗಟ್ಟಲೆ ಹತ್ತೇ ಡಾಲರ್, ಅದೂ ಹಾಂಕಾಂಗ್ ಡಾಲರ್, ಇಟ್ಟುಕೊಂಡು ಬಂತು. ಬಾಜಿಯ ಆದಾಯ ಭರ್ಜರಿಯಾಗಿರುವ ಕಡೆ ಗೇಟಿನ ದುಡ್ಡಿಗೆ ಆಸೆಪಡುವುದು ಜಿಪುಣತನವೇ ಸರಿ.

ನಮ್ಮಲ್ಲಿ ಮೈಸೂರು, ಬೆಂಗಳೂರುಗಳ ರೇಸುಗಳೂ ಬ್ರಿಟಿಷರ ಬೇಲಿ-ಗೇಟಿನ ಪದ್ಧತಿಯಲ್ಲೇ ಬೆಳೆದವು. ಇಲ್ಲಿ ದರದ ಮಾತು ಕ್ಲಬ್ಬಿನ ಕೈಯಲ್ಲಷ್ಟೇ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ರೇಸ್ ಕ್ಲಬ್ಬಿನ ಪ್ರವೇಶಕ್ಕೆ ಶೇ 28 ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದರೂ ತೆರಿಗೆಯ ಪಟ್ಟಿಯಲ್ಲಿ ಅದರ ಸ್ಥಾನ ಕ್ಯಾಸಿನೊ, ಲಾಟರಿಗಳ ಪಕ್ಕದಲ್ಲಿ. ಬಾಜಿಯ ಮೇಲಿನ ತೆರಿಗೆ ಅರ್ಥವಾಗುತ್ತದೆ. ಬಾಜಿ ಕಟ್ಟದೆ ಸುಮ್ಮನೆ ಕುದುರೆ ನೋಡಿ ಬರುವವನೂ ಅಷ್ಟೇ ತೆರಬೇಕೆನ್ನುವುದು ಹಳೆಯ ಅರ್ಧ ಕ್ರೌನಿನ ಜರಡಿಯನ್ನೇ ನೆನಪಿಸುತ್ತದೆ.

ಎಲ್ಲ ಕಡೆ ಬೇಲಿ ಬಂದರೂ ಎಪ್ಸಮ್ಮಿನ ಡರ್ಬಿಗೆ ಪೂರ್ತಿ ಬೇಲಿ ಬೀಳಲಿಲ್ಲ. ಬಯಲಿನಲ್ಲಿ ಓಡಾಡುವ ಸಾರ್ವಜನಿಕರ ಹಕ್ಕು ಅಲ್ಲಿ ಉಳಿದುಕೊಂಡಿತು. ಓಟದ ಹಾದಿಯ ಒಳಮಗ್ಗುಲಿನ ಗುಡ್ಡದಲ್ಲಿ ಟಿಕೆಟ್ ಇಲ್ಲದೆ ನಿಲ್ಲಬಹುದು. ಕೆಲಸದ ದಿನವಾದ ಬುಧವಾರದಲ್ಲಿ ಜನ ಬರುತ್ತಿಲ್ಲವೆಂದು 1995ರಲ್ಲಿ ಡರ್ಬಿಯನ್ನು ಶನಿವಾರಕ್ಕೆ ಬದಲಿಸಿದರು. 2025ರ ಡರ್ಬಿಗೆ ಗೇಟಿನ ಲೆಕ್ಕಕ್ಕೆ ಸಿಕ್ಕವರು ಸುಮಾರು 22 ಸಾವಿರ ಮಂದಿ. ಗುಡ್ಡದ ಜನ ಆ ಲೆಕ್ಕದಲ್ಲಿಲ್ಲ.